ಒಬ್ಬರೇ ಲೇಖಕಿ ಮೂವರಾಗಿ ಎಣಿಕೆಯಾಗುತ್ತಿದ್ದಾರೆ: ಸಂಶೋಧನ ಪತ್ರಿಕೆಯ ದತ್ತಾಂಶದ ತೊಂದರೆ

ಪ್ರಶ್ನೆ – ಸಂಪಾದಕ, ಕಾಸರಗೋಡು

ಮಾನ್ಯರೇ, ನಮ್ಮ ಅರ್ಧವಾರ್ಷಿಕ ಕನ್ನಡ ಸಂಶೋಧನ ಪತ್ರಿಕೆಗೆ ಗಡಿನಾಡಿನ ಹೊರಗಿನಿಂದ ಎಷ್ಟು ಲೇಖನಗಳು ಬರುತ್ತಿವೆ ಎಂದು ತಿಳಿಯಲು, ಪತ್ರಿಕೆ ನಡೆಸುವ ತಂತ್ರಾಂಶವಾದ ಓಪನ್ ಜರ್ನಲ್ ಸಿಸ್ಟಮ್ಸ್‌ನಿಂದ ಸಿಎಸ್‌ವಿ ಕಡತವನ್ನು (ಪಟ್ಟಿಯ ರೂಪದ ದತ್ತಾಂಶ) ಇಳಿಸಿಕೊಂಡೆವು. ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡವೆಲ್ಲ ಕೆಟ್ಟು ಕಾಣುತ್ತದೆ. ಹೇಗೋ ಓದಿಕೊಂಡರೂ ಒಬ್ಬರೇ ಲೇಖಕಿ ಮೂವರಾಗುತ್ತಾರೆ, ಊರು ‘ಕಾಸರಗೋಡು’, ‘ಕಾಸರಗೋಡ್’, ‘ಕಾಸರ್ಗೋಡ್’ ಎಂದು ಮೂರಾಗುತ್ತದೆ. ಕ್ರಾಸ್‌ರೆಫ್‌ನಲ್ಲಿ (ಲೇಖನಗಳ ಡಿಒಐ, ಅಂದರೆ ಶಾಶ್ವತ ಗುರುತಿನ ಸಂಖ್ಯೆ, ನೋಂದಾಯಿಸುವ ಸಂಸ್ಥೆ) ನಮ್ಮ ಲೇಖನಗಳ ಉಲ್ಲೇಖಗಳ ಸಂಖ್ಯೆ ಸೊನ್ನೆ. ಓದುವವರೇ ಇಲ್ಲವೇ ಎಂದು ಆಡಳಿತ ಮಂಡಳಿ ಕೇಳುತ್ತಿದೆ.

ಉತ್ತರ – ಗ್ರಂಥಪಾಲಕಿ, ಮಂಜೇಶ್ವರ

ಸರ್, ಕಡತವನ್ನು ನೇರವಾಗಿ ತೆರೆಯದೆ, ಎಕ್ಸೆಲ್‌ನ ‘ಡೇಟಾ’ ವಿಭಾಗದಿಂದ ಒಳತಂದು, ಅಕ್ಷರ ಸಂಕೇತ ಕೇಳುವಲ್ಲಿ 65001 ಯುಟಿಎಫ್-8 ಆರಿಸಿ. ಆಗಲೂ ಕೆಲವು ಸಾಲುಗಳಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಕಂಡರೆ ಅವು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚಾದವು. ಯೂನಿಕೋಡ್‌ಗೆ ಪರಿವರ್ತಿಸದೆ ಬೇರೆ ದಾರಿಯಿಲ್ಲ.

ಹೆಸರುಗಳಿಗೆ ದತ್ತಾಂಶ ಶುದ್ಧಗೊಳಿಸುವ ತಂತ್ರಾಂಶವಾದ ಓಪನ್‌ರಿಫೈನ್ ಬಳಸಿ. ಮೂಲ ಅಂಕಣವನ್ನು ಮುಟ್ಟದೆ ಅದರ ಪ್ರತಿಯಲ್ಲಿ ‘ಕ್ಲಸ್ಟರ್’ ಮಾಡಿ, ಅಂದರೆ ಒಂದೇ ಎನಿಸುವ ಹೆಸರುಗಳನ್ನು ಗುಂಪುಗೂಡಿಸಿ. ನಮ್ಮಲ್ಲಿ ಕೇರಳದ ರೂಢಿಯಂತೆ ಇನಿಷಿಯಲ್ ಹೆಸರಿನ ನಂತರವೂ, ಕರ್ನಾಟಕದ ರೂಢಿಯಂತೆ ಮೊದಲೂ ಬರುವುದರಿಂದ ಈ ಗೋಜಲು ಸಹಜ. ಪದಗಳು ಹಿಂದುಮುಂದಾದರೆ ‘ಫಿಂಗರ್‌ಪ್ರಿಂಟ್’ ವಿಧಾನವೇ ಹೊಂದಿಸುತ್ತದೆ, ಆದರೆ ‘ಕೆ.ವಿ.’ ಎಂಬಲ್ಲಿ ಚುಕ್ಕೆಯ ನಂತರ ಜಾಗ ಬಿಡುವ ರೀತಿ ಎಲ್ಲ ಕಡೆ ಒಂದೇ ಆಗಿರಬೇಕು. ‘ಭಟ್’ ಎಂಬುದರ ಕೊನೆಗೆ ಕೆಲವರ ಕೀಲಿಮಣೆ ಕಣ್ಣಿಗೆ ಕಾಣದ ಜೆಡ್‌ಡಬ್ಲ್ಯುಎನ್‌ಜೆ ಎಂಬ ಚಿಹ್ನೆಯನ್ನು ಸೇರಿಸುವುದರಿಂದ ಒಂದೇ ಹೆಸರು ಎರಡಾಗುತ್ತದೆ. ನಾನೊಮ್ಮೆ ಒಂದು ಮಧ್ಯಾಹ್ನವಿಡೀ ಎರಡು ‘ಭಟ್’ಗಳನ್ನು ದಿಟ್ಟಿಸಿದ್ದೇನೆ. ಹೆಸರು ಹೊಂದಿದ ಮಾತ್ರಕ್ಕೆ ಒಂದಾಗಿಸಬೇಡಿ, ಸಂಸ್ಥೆಯನ್ನೂ ಸಂಶೋಧಕರ ಗುರುತಿಗೆ ಕೊಡುವ 16 ಅಂಕಿಗಳ ಆರ್ಕಿಡ್ ಸಂಖ್ಯೆಯನ್ನೂ ನೋಡಿ.

ಕ್ರಾಸ್‌ರೆಫ್ ಎಣಿಸುವುದು ಅದರ ಸದಸ್ಯ ಪ್ರಕಾಶಕರು ಒಪ್ಪಿಸಿದ, ಡಿಒಐ ಹೊಂದಿದ ಉಲ್ಲೇಖಗಳನ್ನು ಮಾತ್ರ. ಡಿಒಐ ಇಲ್ಲದ ಕನ್ನಡ ಗ್ರಂಥದ ಅಡಿಟಿಪ್ಪಣಿಯಲ್ಲಿ ನಿಮ್ಮ ಲೇಖನ ಹತ್ತು ಸಲ ಬಂದರೂ ಅಲ್ಲಿ ಸೊನ್ನೆಯೇ. ಹಿಂದಿನ ಎರಡು ವರ್ಷಗಳ ಲೇಖನಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖವಾದವು ಎಂಬ ಅಳತೆ) ಸಹ ಶಾಸನ, ಜಾನಪದಗಳ ನಿಧಾನದ ಓದಿಗೆ ಒಗ್ಗದು. ಈ ಎರಡು ಮಾತನ್ನು ಮಂಡಳಿಗೆ ಬರೆದು ಕೊಡಿ.

ಸಂಪಾದಕ, ಕಾಸರಗೋಡು

ಧನ್ಯವಾದಗಳು ಮೇಡಂ. ಮೂವರು ಒಬ್ಬರಾದರು. ‘ಕಾಸರಗೋಡ್’ ಎಂದು ಬರೆದವರನ್ನೆಲ್ಲ ಹೊರಗಿನವರೆಂದು ಎಣಿಸಿದ್ದೆವು. ಈಗ ನೋಡಿದರೆ ಹೊರಗಿನ ಲೇಖನಗಳು ನಾವೆಣಿಸಿದ್ದಕ್ಕಿಂತ ಬಹಳ ಕಡಿಮೆ. ಒಂದೇ ಹೆಸರಿನ ಇಬ್ಬರು ಮಾತ್ರ ನಿಜವಾಗಿಯೂ ಬೇರೆ ಬೇರೆ, ಒಬ್ಬರು ಬದಿಯಡ್ಕದವರು, ಇನ್ನೊಬ್ಬರು ಕುಂಬಳೆಯವರು. ಮುಂದಿನ ಸಂಚಿಕೆಯಿಂದ ಲೇಖನ ಸ್ವೀಕರಿಸುವಾಗಲೇ ಆರ್ಕಿಡ್ ಸಂಖ್ಯೆಯನ್ನು ಕೇಳುತ್ತೇವೆ.