23 ಪಂದ್ಯ ಆಡಿದವನ ಜರ್ಸಿ ನಂಬರ್ ಯಾಕೆ ಎತ್ತಿಟ್ಟರು? (ಸ್ಟಬ್ಬಿ ಕ್ಲ್ಯಾಪ್)

ಪ್ರಶ್ನೆ
ಅಮೆರಿಕದ ಬೇಸ್‌ಬಾಲ್‌ನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರ ಸ್ಟಬ್ಬಿ ಕ್ಲ್ಯಾಪ್ ಆಡಿದ್ದು 2001ರಲ್ಲಿ ಬರೀ 23 ಪಂದ್ಯ. 25 ಅಟ್-ಬ್ಯಾಟ್ (ಬ್ಯಾಟಿಂಗ್ ಸರದಿ), 5 ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟಿದ್ದು). ಆದರೂ ಕಾರ್ಡಿನಲ್ಸ್‌ನ ಟ್ರಿಪಲ್-ಎ (ಮೇಜರ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಹಂತ) ತಂಡವಾದ ಮೆಂಫಿಸ್ ರೆಡ್‌ಬರ್ಡ್ಸ್ 2007ರಲ್ಲಿ ಅವರ 10ನೇ ನಂಬರನ್ನು ಇನ್ಯಾರಿಗೂ ಕೊಡೋದಿಲ್ಲ ಅಂತ ಎತ್ತಿಟ್ಟಿತು. ಆಮೇಲೆ ಅಲ್ಲೇ ಮ್ಯಾನೇಜರ್ ಆಗಿ 2017, 2018 ಎರಡೂ ವರ್ಷ ಆ ಹಂತದ ಪೆಸಿಫಿಕ್ ಕೋಸ್ಟ್ ಲೀಗ್ ಗೆದ್ದರು. ತಂಡ ಬಲವಾಗಿತ್ತು, ಅಷ್ಟೇನಾ?

ಉತ್ತರ 1
ನಂಬರ್ ಎತ್ತಿಟ್ಟಿದ್ದು ಅಂಕಿಅಂಶ ನೋಡಿ ಅಲ್ಲ. ಕ್ಲ್ಯಾಪ್ 1996ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿ) 36ನೇ ಸುತ್ತಿನಲ್ಲಿ ಸಿಕ್ಕ ಕೆನಡಾದ ಹುಡುಗ. ಹೆಚ್ಚಾಗಿ ಸೆಕೆಂಡ್ ಬೇಸ್, ಬೇಕಾದರೆ ಔಟ್‌ಫೀಲ್ಡ್. ಕಾರ್ಡಿನಲ್ಸ್‌ನ ಹಳೇ ಶಾರ್ಟ್‌ಸ್ಟಾಪ್ ಓಝೀ ಸ್ಮಿತ್ ಥರ ಮೈದಾನಕ್ಕಿಳಿಯುವಾಗ ಹಿಂದಕ್ಕೆ ಪಲ್ಟಿ ಹೊಡೀತಿದ್ದರು. ಮೆಂಫಿಸ್ ಜನಕ್ಕೆ ಅದೇ ಹಬ್ಬ. ಕೆನಡಾದಲ್ಲಿ ಹೆಸರಾಗಿದ್ದು ಬೇರೆ ಕಾರಣಕ್ಕೆ: 1999ರ ವಿನಿಪೆಗ್ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ 11ನೇ ಇನ್ನಿಂಗ್ಸ್‌ನ ಸಿಂಗಲ್‌ನಿಂದ (ಒಂದು ಬೇಸ್‌ನ ಹಿಟ್) ಅಮೆರಿಕವನ್ನು ಸೋಲಿಸಿದ್ದು.

ಉತ್ತರ 2
"ತಂಡ ಬಲವಾಗಿತ್ತು" ಅನ್ನೋದು ಅರ್ಧ ಸತ್ಯ. ಟ್ರಿಪಲ್-ಎ ತಂಡ ಬಲವಾದಷ್ಟೂ ಬೇಗ ಖಾಲಿಯಾಗುತ್ತೆ, ಚೆನ್ನಾಗಿ ಆಡಿದವರನ್ನು ಮೇಜರ್ ಲೀಗ್ ತಂಡ ಕರೆಸಿಕೊಳ್ಳುತ್ತೆ. 2017ರಲ್ಲಿ ಡಿಜಾಂಗ್, ವೊಯ್ಟ್, ಬೇಡರ್ ಮೂವರು ಆಟಗಾರರನ್ನೂ ಮೇಲಕ್ಕೆ ಕರೆಸಿಕೊಂಡರು. ಆದರೂ ಮೆಂಫಿಸ್ 91 ಗೆದ್ದು 50 ಸೋತಿತು. 2018ರಲ್ಲಿ 13 ಗೆಲುವು, 3 ಸೋಲು ಇದ್ದ ಪಿಚರ್ (ಚೆಂಡೆಸೆಯುವವ) ಡಕೋಟಾ ಹಡ್ಸನ್ ಜುಲೈನಲ್ಲೇ ಮೇಲಕ್ಕೆ ಹೋದರು.

ಸ್ಟಾರ್ಟರ್ (ಪಂದ್ಯ ಶುರುಮಾಡುವ ಪಿಚರ್) ಎಷ್ಟು ಎಸೆತ ಹಾಕಬೇಕು ಅನ್ನೋದು ಮೇಲಿನವರ ತೀರ್ಮಾನ. ಅವನು 5 ಇನ್ನಿಂಗ್ಸ್‌ಗೆ ನಿಂತರೆ ಉಳಿದ 4ಕ್ಕೆ ಬುಲ್‌ಪೆನ್, ಅಂದರೆ ಬದಲಿ ಪಿಚರ್‌ಗಳ (ರಿಲೀವರ್) ಪಡೆ. ಮಧ್ಯಾಹ್ನ ಫೋನ್ ಬಂದು ಒಬ್ಬ ರಿಲೀವರ್ ಹೊರಟರೆ ಸಂಜೆಯ ಲೆಕ್ಕವೆಲ್ಲ ತಲೆಕೆಳಗು. ಮೇಲಿಂದ ವಾಪಸ್ ಬಂದವನು ಆಗಿನ ನಿಯಮದಂತೆ ಸಾಮಾನ್ಯವಾಗಿ 10 ದಿನ ಕೆಳಗೇ ಇರಬೇಕಿತ್ತು. ಗಾಯಾಳುವಿನ ಬದಲಿಗೆ ಕರೆದರೆ ಮಾತ್ರ ವಿನಾಯಿತಿ. ಮುಖ ಸಪ್ಪಗೆ ಮಾಡಿಕೊಂಡು ಬಂದ ಆ ಹುಡುಗನನ್ನು ಅವತ್ತೇ ಆಡಿಸಬೇಕು. ತಾನೇ ಹಾಗೆ ಮೇಲೆ-ಕೆಳಗೆ ಹೋಗಿ-ಬಂದು ಮಾಡಿದ ಮ್ಯಾನೇಜರ್ ಬೆಲೆ ತಿಳಿಯೋದು ಅಲ್ಲೇ.

ಉತ್ತರ 3
ಕಲಿಸೋದೂ ಸೇರಿಸಿ. ಡಬಲ್ ಪ್ಲೇಯಲ್ಲಿ (ಒಂದೇ ಆಟದಲ್ಲಿ ಇಬ್ಬರನ್ನು ಔಟ್ ಮಾಡೋದು) ಸೆಕೆಂಡ್ ಬೇಸ್‌ಮನ್‌ನ ತಿರುವು ನೋಡಿ. ಬ್ಯಾಗ್ (ಬೇಸ್) ಹತ್ತಿರ ಬಂದಾಗ ಹೆಜ್ಜೆ ಚಿಕ್ಕದಾಗಬೇಕು, ಎರಡೂ ಕೈ ಎದೆಮಟ್ಟದಲ್ಲಿರಬೇಕು. ಎಡಗಾಲು ಬ್ಯಾಗ್ ಮೇಲೆ. ಅದನ್ನೇ ಒತ್ತಿ ಹಿಂದಕ್ಕೆ ಸರಿದು, ಬಲಗಾಲಿಗೆ ಭಾರ ಬಿಟ್ಟು, ಫಸ್ಟ್ ಬೇಸ್‌ಗೆ ಎಸೆತ. ತುಂಬ ಬೇಗ ಬಂದು ಕಾಲೂರಿ ನಿಂತರೆ ಜಾರಿ ಬರುವ ರನ್ನರ್ ಕಾಲಿಗೇ ಬಡಿಯುತ್ತಾನೆ. ರನ್ನರ್ ಜಾರುವ ರೀತಿಗೆ ಮಿತಿ ಹಾಕಿದ 2016ರ ಸ್ಲೈಡ್ ನಿಯಮದಿಂದ ಆ ಕಾಟ ಕಡಿಮೆಯಾಯಿತು, ಹೋಗಲಿಲ್ಲ. ಹುಡುಗರ ದೊಡ್ಡ ತಪ್ಪು ಇನ್ನೊಂದು: ಚೆಂಡು ಕೈಗೆ ಸಿಗೋ ಮೊದಲೇ ತಿರುಗೋದು. ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಎಸೆತ ಅತ್ತಿತ್ತಾದರೆ ಎರಡನೇ ಔಟ್ ಆಸೆ ಬಿಟ್ಟು ಮೊದಲನೆಯದನ್ನು ಉಳಿಸಿಕೊಳ್ಳಬೇಕು.

ಉತ್ತರ 1
ಒಂದು ಬಿಟ್ಟುಹೋಯ್ತು. ಲೀಗ್ ಗೆದ್ದ ಮೇಲೆ ಇನ್ನೊಂದು ಟ್ರಿಪಲ್-ಎ ಲೀಗ್‌ನ ಚಾಂಪಿಯನ್ ಜೊತೆ ಒಂದೇ ಪಂದ್ಯದ ಫೈನಲ್ ಇರುತ್ತಿತ್ತು. 2017ರಲ್ಲಿ ಡರ್ಹ್ಯಾಮ್ ಬುಲ್ಸ್ ಎದುರು ಸೋತರು. 2018ರಲ್ಲಿ ಅದೇ ಡರ್ಹ್ಯಾಮ್ ಅನ್ನು 14-4ರಲ್ಲಿ ಬಡಿದರು. 2019ಕ್ಕೆ ಕ್ಲ್ಯಾಪ್ ಸೇಂಟ್ ಲೂಯಿಸ್‌ನ ಫಸ್ಟ್ ಬೇಸ್ ಕೋಚ್.