21 ಅಂಕಿಯ ಗುಣಲಬ್ಧ: ಎಕ್ಸೆಲ್‌ನಲ್ಲಿ ಕೊನೆಯ ಆರು ಅಂಕಿ ಸೊನ್ನೆ ಆಗ್ತಿವೆ

ಸೇಡಂ ಮೇಷ್ಟ್ರು:
ನಮಸ್ಕಾರ. ಕಲಬುರಗಿಯ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಹತ್ತನೇ ಕ್ಲಾಸಿನ ಹುಡುಗರು 2ರ 67ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆಯನ್ನು ಆರಿಸಿಕೊಂಡಿದ್ದಾರೆ. ಇದು ಅವಿಭಾಜ್ಯ ಅಂತ 1644ರಲ್ಲಿ ಫ್ರೆಂಚ್ ಗಣಿತಜ್ಞ ಮೆರ್ಸೆನ್ ಹೇಳಿದ್ದ. 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಅದನ್ನು ಒಡೆದು ತೋರಿಸಿದ: 193707721 × 761838257287. ಇದನ್ನೇ ಎಕ್ಸೆಲ್‌ಗೆ ಕೊಟ್ಟರೆ 147573952589676000000 ಬರುತ್ತಿದೆ. ಸೆಲ್ ಅಗಲ ಮಾಡಿದೆ, ನಂಬರ್ ಫಾರ್ಮ್ಯಾಟ್ ಹಾಕಿದೆ, ಊಹೂಂ. "ಸರ್, ಹಂಗಾರ ಇದು ಹತ್ತರಿಂದ ಭಾಗ ಹೋಗ್ತದಲ್ರಿ" ಅಂತಾನೆ ಒಬ್ಬ. ಏನು ಮಾಡಲಿ?

ಬೀದರ್ ಬಿಸಿಲು:
ಆ ಹುಡುಗನಿಗೆ ಶಭಾಷ್ ಹೇಳಿ ಸರ್. ಕೊನೆಯ ಅಂಕಿ 1 ಮತ್ತು 7 ಗುಣಿಸಿದರೆ 7 ಬರಬೇಕು, ಸೊನ್ನೆ ಹೇಗೆ ಬಂತು?

ಫಾರ್ಮ್ಯಾಟ್ ಬದಲಿಸಿ ಉಪಯೋಗವಿಲ್ಲ. ಎಕ್ಸೆಲ್ ತೋರಿಸುವುದು 15 ಅಂಕಿ ಮಾತ್ರ, ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. 16 ಅಂಕಿಯ ಕಾರ್ಡ್ ನಂಬರ್ ಟೈಪ್ ಮಾಡಿದರೂ ಕೊನೆಯದು ಸೊನ್ನೆ ಆಗೋದು ಇದಕ್ಕೇ.

ದೊಡ್ಡ ಸಂಖ್ಯೆಯನ್ನು ಕೊನೆಯಿಂದ ಆರು ಅಂಕಿಗೆ ಒಡೆಯಿರಿ: 761838 ಮತ್ತು 257287.

193707721 × 257287 = 49838478412927
193707721 × 761838 = 147573902751198

ಮೊದಲನೆಯದರ ಕೊನೆಯ ಆರು ಅಂಕಿ 412927 ಪಕ್ಕಕ್ಕಿಡಿ. ಉಳಿದ 49838478 ದಶಕ. ಅದನ್ನು ಎರಡನೆಯದಕ್ಕೆ ಕೂಡಿಸಿದರೆ 147573952589676. ಅದರ ಮುಂದೆ 412927 ಬರೆಯಿರಿ, ಮುಗೀತು. ಯಾವ ಹಂತವೂ 15 ಅಂಕಿ ದಾಟಲಿಲ್ಲ ನೋಡ್ರಿ. ಎರಡು ಭಾಗವನ್ನು ಬೇರೆ ಬೇರೆ ಸೆಲ್‌ನಲ್ಲೇ ಬಿಡಿ, ಮತ್ತೆ ಸೇರಿಸಲು ಹೋದರೆ ಅದೇ ಸೊನ್ನೆ. ಒಂದೇ ಸೆಲ್‌ನಲ್ಲಿ ಬೇಕೇಬೇಕು ಅಂದರೆ ಟೆಕ್ಸ್ಟ್ ಆಗಿ ಜೋಡಿಸಿ.

ಶಹಾಪುರ ಕೋಡರ್:
ಇಷ್ಟೆಲ್ಲಾ ಯಾಕೆ? ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸುಮ್ನೆ ಗುಣಿಸಿ. ಪೂರ್ಣಾಂಕಕ್ಕೆ ಅಲ್ಲಿ ಅಂಕಿಗಳ ಮಿತಿ ಇಲ್ಲ, ಮೊಬೈಲ್‌ನಲ್ಲೂ ಓಡುತ್ತದೆ. ಆದರೆ ಭಾಗಿಸುವಾಗ ಒಂದು ಓರೆಗೆರೆ ಹಾಕಬೇಡಿ, ಎರಡು ಹಾಕಿ. ಒಂದೇ ಹಾಕಿದರೆ ದಶಮಾಂಶಕ್ಕೆ ತಿರುಗಿ ಮತ್ತೆ ಇದೇ ಗೋಳು.

ಸೇಡಂ ಮೇಷ್ಟ್ರು:
ಒಡೆಯುವ ದಾರಿಯೇ ಇರಲಿ, ಹುಡುಗರು ಬೋರ್ಡ್ ಮೇಲೆ ಮಾಡಿ ತೋರಿಸಬಹುದು. ಬಂತು, 147573952589676412927. ಇದು ಸರಿ ಅಂತ ಜಜ್ ಮುಂದೆ ಬೇಗ ತಾಳೆ ನೋಡೋದು ಹೇಗೆ?

ಬೀದರ್ ಬಿಸಿಲು:
ಅಂಕಿಗಳನ್ನು ಕೂಡಿಸಿ. ಮೊದಲ ಅಪವರ್ತನದ್ದು 37, ಎರಡನೆಯದು 64, ಉತ್ತರದ್ದು 109. ಮತ್ತೆ ಮತ್ತೆ ಕೂಡಿಸುತ್ತಾ ಹೋದರೆ ಮೂರೂ 1ಕ್ಕೆ ಬರುತ್ತವೆ. 1 × 1 = 1, ತಾಳೆ ಆಯ್ತು. ಆದರೆ ಅಂಕಿಗಳು ಅದಲುಬದಲಾದರೆ ಇದು ಹಿಡಿಯಲ್ಲ.

ಇನ್ನೊಂದು ವಿಷಯ, ಪೋಸ್ಟರ್‌ಗೆ ಹಾಕಿ, ನನಗೆ ಇದೇ ಜಾಸ್ತಿ ಇಷ್ಟ. ಈ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನವನ್ನೇ ತಗೊಳ್ಳಿ, 134ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. 134 ಅಂದರೆ 67ರ ಎರಡರಷ್ಟು. 193707721ರಿಂದ 1 ಕಳೆದು 134ರಿಂದ ಭಾಗಿಸಿ ನೋಡಿ, ಸರಿಯಾಗಿ 1445580 ಬರುತ್ತದೆ. ಇದಕ್ಕೆ ಎಕ್ಸೆಲ್ ಸಾಕು.