ವೈನ್ ಕೂಲರ್ 12 ಡಿಗ್ರಿಗೆ ಇಳಿಯುತ್ತಿಲ್ಲ: ದೋಷ ಯಂತ್ರದ್ದೋ, ಇಟ್ಟ ಜಾಗದ್ದೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಹದಿನೆಂಟು ಬಾಟಲಿ ಹಿಡಿಯುವ ಸಣ್ಣ ವೈನ್ ಕೂಲರ್ ಒಂದಿದೆ. ಅದಕ್ಕೆ ಕಂಪ್ರೆಸರ್ ಇಲ್ಲ, ಥರ್ಮೋಎಲೆಕ್ಟ್ರಿಕ್ ಮಾದರಿ ಎಂದು ಕೈಪಿಡಿಯಲ್ಲಿದೆ. ಕೊಂಡು ಮೂರು ವರ್ಷಗಳಾದವು. ಮೊದಲು ಹಾಲ್‌ನಲ್ಲಿ ತೆರೆದ ಜಾಗದಲ್ಲಿತ್ತು. ಆಗ ಕೋಣೆಯಲ್ಲಿ 25 ಡಿಗ್ರಿ ಸೆಲ್ಸಿಯಸ್ ಇದ್ದರೂ ಒಳಗೆ 12 ಡಿಗ್ರಿ ನಿಲ್ಲುತ್ತಿತ್ತು. ಎರಡು ತಿಂಗಳ ಹಿಂದೆ ಅದನ್ನು ಅಡುಗೆಮನೆಯ ಕಟ್ಟೆಯ ಕೆಳಗಿನ ಗೂಡಿಗೆ ಸೇರಿಸಿದೆವು. ಈಗ ಬೇಸಿಗೆ, ಕೋಣೆಯಲ್ಲಿ 31 ಡಿಗ್ರಿ ಇದೆ. 12ಕ್ಕೆ ಹೊಂದಿಸಿದ್ದರೂ ಫಲಕದಲ್ಲಿ 22ಕ್ಕಿಂತ ಕೆಳಗಿನ ಅಂಕಿ ಕಾಣಿಸುತ್ತಿಲ್ಲ. ಹಿಂಬದಿಯ ಫ್ಯಾನಿನಿಂದ ಕೀಚಲು ಸದ್ದು ಬರುತ್ತಿದೆ, ಒಳಗೆ ತಳದಲ್ಲಿ ಸ್ವಲ್ಪ ನೀರೂ ನಿಲ್ಲುತ್ತಿದೆ. ಗ್ಯಾಸ್ ತುಂಬಿಸಬೇಕೇ, ಹೊಸದನ್ನೇ ಕೊಳ್ಳಬೇಕೇ? ಕೆಲವು ಬಾಟಲಿಗಳನ್ನು ಮಗಳ ಮದುವೆಯ ವಾರ್ಷಿಕೋತ್ಸವಕ್ಕೆಂದು ತೆಗೆದಿಟ್ಟಿದ್ದೇವೆ. ಅವು ಹಾಳಾಗಿರಬಹುದೇ ಎಂಬುದೇ ದೊಡ್ಡ ಚಿಂತೆ.

ಮೊದಲ ಉತ್ತರ

ಗ್ಯಾಸ್ ತುಂಬಿಸುವ ಮಾತೇ ಇಲ್ಲ, ಏಕೆಂದರೆ ಥರ್ಮೋಎಲೆಕ್ಟ್ರಿಕ್ ಮಾದರಿಯಲ್ಲಿ ಗ್ಯಾಸೇ ಇರುವುದಿಲ್ಲ. ಎರಡು ಬಗೆಯ ಅರೆವಾಹಕ ತುಣುಕುಗಳ ಮೂಲಕ ನೇರ ವಿದ್ಯುತ್ ಹರಿಸಿದಾಗ ಒಂದು ಮೈ ತಣ್ಣಗಾಗಿ ಇನ್ನೊಂದು ಮೈ ಬಿಸಿಯಾಗುತ್ತದೆ. ಈ ಪರಿಣಾಮವನ್ನು ಫ್ರಾನ್ಸಿನ ಭೌತವಿಜ್ಞಾನಿ ಪೆಲ್ಟಿಯೆ 1834ರಲ್ಲಿ ಗುರುತಿಸಿದರು. ನಿಮ್ಮ ಪೆಟ್ಟಿಗೆಯೊಳಗಿನ ಬಿಲ್ಲೆಗೆ ಅವರ ಹೆಸರೇ ಬಂದಿದೆ. ಆ ಬಿಲ್ಲೆ ಒಳಗಿನ ಶಾಖವನ್ನು ಹೀರಿ ಹಿಂಬದಿಗೆ ದಾಟಿಸುತ್ತದೆ, ಅಷ್ಟೆ. ದಾಟಿಬಂದ ಶಾಖವನ್ನು ಅಲ್ಲಿಂದ ಹೊರಗೋಡಿಸುವ ಕೆಲಸ ಅಲ್ಯೂಮಿನಿಯಂ ರೆಕ್ಕೆಗಳದು ಮತ್ತು ಫ್ಯಾನಿನದು. ಅಲ್ಲಿ ಅಡಚಣೆಯಾದರೆ ಬಿಲ್ಲೆ ಎಷ್ಟೇ ಚೆನ್ನಾಗಿದ್ದರೂ ಶಾಖ ಒಳಕ್ಕೇ ಮರಳುತ್ತದೆ.

ಇಂತಹ ಪೆಟ್ಟಿಗೆಯಲ್ಲಿ ಒಳಗಿನ ಅಂಕಿಯನ್ನಷ್ಟೇ ನೋಡಿ ಪ್ರಯೋಜನವಿಲ್ಲ, ಕೋಣೆಗೂ ಒಳಕ್ಕೂ ಇರುವ ಅಂತರವನ್ನು ನೋಡಬೇಕು. ಹಿಂದೆ ನಿಮ್ಮ ಯಂತ್ರ 25ರಿಂದ 12ಕ್ಕೆ, ಅಂದರೆ 13 ಡಿಗ್ರಿ ಇಳಿಸುತ್ತಿತ್ತು. ಈ ಗಾತ್ರದ ಪೆಟ್ಟಿಗೆಗಳ ಸಾಮರ್ಥ್ಯ ಸಾಮಾನ್ಯವಾಗಿ ಅಷ್ಟೇ. ಆ ಲೆಕ್ಕದಲ್ಲಿ ಕೋಣೆ 31 ಇದ್ದಾಗ 18 ಸಿಕ್ಕರೆ ಯಂತ್ರ ಸರಿಯಾಗಿದೆ ಎಂದೇ ಅರ್ಥ. ನಿಮಗೆ ಸಿಗುತ್ತಿರುವುದು 22. ಆದ್ದರಿಂದ ಹತ್ತು ಡಿಗ್ರಿಯ ಕೊರತೆಯಲ್ಲಿ ಆರು ಬೇಸಿಗೆಯದು. ಉಳಿದ ನಾಲ್ಕಕ್ಕೆ ಮಾತ್ರ ನಾವು ಕಾರಣ ಹುಡುಕಬೇಕಾಗಿದೆ.

ನನಗೆ ಮೊದಲ ಅನುಮಾನ ಗೂಡಿನ ಮೇಲೆ, ಎರಡನೆಯದು ಫ್ಯಾನಿನ ಮೇಲೆ. ಒಂದು ಥರ್ಮಾಮೀಟರನ್ನು ಪೆಟ್ಟಿಗೆಯ ಬೆನ್ನಿಗೂ ಗೋಡೆಗೂ ನಡುವೆ ಒಂದು ಗಂಟೆ ಇಟ್ಟು ನೋಡಿ. ಕೋಣೆಯಲ್ಲಿ 31 ಇದ್ದು ಅಲ್ಲಿ 36 ಇದ್ದರೆ ಯಂತ್ರದ ಪಾಲಿಗೆ ಕೋಣೆಯ ತಾಪಮಾನ 36 ಎಂದೇ ಲೆಕ್ಕ. ಬಿಡಿಯಾಗಿ ನಿಲ್ಲಿಸಲೆಂದು ಮಾಡಿದ, ಹಿಂಬದಿಯಿಂದ ಬಿಸಿಗಾಳಿ ಬಿಡುವ ಮಾದರಿಯನ್ನು ಗೂಡಿನೊಳಗೆ ಇಡಬಾರದು. ಗೂಡಿಗೆ ಸೇರಿಸಬಹುದಾದ ಮಾದರಿಗಳ ಗಾಳಿಕಿಂಡಿ ಮುಂಭಾಗದಲ್ಲಿ, ಬಾಗಿಲಿನ ಕೆಳಗಿರುತ್ತದೆ. ನಿಮ್ಮದು ಯಾವುದೆಂದು ಕಣ್ಣಿಗೇ ತಿಳಿಯುತ್ತದೆ.

ಅನಂತರ ಪ್ಲಗ್ ಕಿತ್ತು, ಹಿಂದಿನ ಜಾಲರಿಯ ಸ್ಕ್ರೂ ಬಿಚ್ಚಿ. ಮೂರು ವರ್ಷ ಮುಟ್ಟದ ಕೂಲರ್‌ನಲ್ಲಿ ರೆಕ್ಕೆಗಳ ನಡುವೆ ದೂಳು ಮೆತ್ತಿ ಹಳೆಯ ಕಂಬಳಿಯ ತುಂಡಿನಂತೆ ಒಂದೇ ಹಾಳೆಯಾಗಿ ಎದ್ದು ಬರುವುದನ್ನು ನಾನೇ ಕಂಡಿದ್ದೇನೆ. ಅದನ್ನು ಮೆತ್ತನೆಯ ಬ್ರಷ್‌ನಿಂದ ತೆಗೆದು, ಫ್ಯಾನನ್ನು ಬೆರಳಿನಿಂದ ತಿರುಗಿಸಿ. ಕೈಬಿಟ್ಟ ಮೇಲೆ ಒಂದೆರಡು ಸುತ್ತು ತಾನಾಗಿ ತಿರುಗಬೇಕು. ಬೆರಳಿನ ಜೊತೆಗೇ ನಿಂತುಬಿಟ್ಟರೆ ಅದರ ಬೇರಿಂಗ್ ಹೋಗಿದೆ. ಹೊಸ ಫ್ಯಾನ್ ತರುವಾಗ ಅಳತೆಯನ್ನೂ ವೋಲ್ಟೇಜನ್ನೂ ಹಳೆಯದರ ಮೇಲಿನ ಚೀಟಿಯಿಂದ ಬರೆದುಕೊಳ್ಳಿ, ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂಬುದನ್ನೂ ಗುರುತು ಮಾಡಿಕೊಳ್ಳಿ.

ಎರಡನೆಯ ಉತ್ತರ

ಮೇಲಿನವರ ಮಾತು ಸರಿಯಾಗಿದೆ. ಆದರೆ ಯಾವುದನ್ನೂ ಬಿಚ್ಚುವ ಮೊದಲು ಫಲಕದ ಅಂಕಿಯನ್ನೇ ಪರೀಕ್ಷಿಸಬೇಕೆಂದು ನಾನು ಹೇಳುತ್ತೇನೆ. ಅದು ಸೆನ್ಸರ್ ಇರುವ ಮೂಲೆಯ ಗಾಳಿಯ ತಾಪಮಾನ, ವೈನಿನದಲ್ಲ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ನಿಲ್ಲಿಸಿ, ನಡುವಿನ ತಟ್ಟೆಯ ಮೇಲಿಟ್ಟು, ಇಪ್ಪತ್ನಾಲ್ಕು ಗಂಟೆ ಬಾಗಿಲು ತೆರೆಯದೆ ಬಿಟ್ಟು ಓದಿಕೊಳ್ಳಿ. ಬಾಟಲಿಯೊಳಗಿನ ದ್ರವಕ್ಕೆ ಹತ್ತಿರವಾದ ಅಂಕಿ ಅದು.

ತಳದಲ್ಲಿ ನಿಲ್ಲುವ ನೀರಿಗೆ ಬೇರೆ ಕಾರಣವಿರಬಹುದು. ತಣ್ಣನೆಯ ರೆಕ್ಕೆಗಳ ಮೇಲೆ ಗಾಳಿಯ ತೇವ ಹನಿಗಟ್ಟುವುದು ಸಹಜವೇ. ಅದು ಸಣ್ಣ ರಂಧ್ರದಿಂದ ಹೊರಗಿನ ತಟ್ಟೆಗೆ ಇಳಿದು ಆರಿಹೋಗಬೇಕು. ರಂಧ್ರ ಕಟ್ಟಿದ್ದರೆ, ಇಲ್ಲವೇ ಬಾಗಿಲಿನ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ ಸಡಿಲಾಗಿ ಹೊರಗಿನ ಗಾಳಿ ಸದಾ ಒಳಬರುತ್ತಿದ್ದರೆ ನೀರು ನಿಲ್ಲುತ್ತದೆ. ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ಕಾಗದ ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ರಬ್ಬರ್ ಚೆನ್ನಾಗಿದೆ, ಸರಾಗವಾಗಿ ಜಾರಿದರೆ ಆ ಭಾಗದಲ್ಲಿ ಸಂದಿದೆ. ನಾಲ್ಕೂ ಬದಿಗಳಲ್ಲಿ ಹೀಗೆ ನೋಡಿ. ಹೆಚ್ಚಿನ ಸಲ ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ರಬ್ಬರ್ ಮತ್ತೆ ಮೆತ್ತಗಾಗಿ ಕೂರುತ್ತದೆ.

ವೈನಿನ ಬಗ್ಗೆ ಅಷ್ಟು ಗಾಬರಿ ಬೇಡ. ದೀರ್ಘಕಾಲ ಇಡಲು 12ರಿಂದ 13 ಡಿಗ್ರಿ ಒಳ್ಳೆಯದೆಂಬುದು ನಿಜ. ಆದರೆ 22 ಡಿಗ್ರಿಯಲ್ಲಿ ಎರಡು ತಿಂಗಳು ಕಳೆದ ಮಾತ್ರಕ್ಕೆ ವೈನ್ ಕೆಡುವುದಿಲ್ಲ, ಅದರ ಮಾಗುವಿಕೆ ಸ್ವಲ್ಪ ಬೇಗನೆ ಸಾಗುತ್ತದೆ. ನಿಜವಾಗಿ ಹೊಡೆತ ಕೊಡುವುದು 30 ಡಿಗ್ರಿ ದಾಟಿದ ಬಿಸಿ ಮತ್ತು ದಿನಕ್ಕೊಮ್ಮೆ ಏರಿಳಿಯುವ ತಾಪಮಾನ. ಬಾಟಲಿಗಳನ್ನು ಒಂದೊಂದಾಗಿ ತೆಗೆದು ನೋಡಿ: ಬಿರಡೆ ಬಾಯಿಯಿಂದ ಮೇಲೆದ್ದಿದ್ದರೆ, ಅಥವಾ ಕತ್ತಿನ ಸುತ್ತ ಅಂಟಂಟಾದ ಗೆರೆ ಇಳಿದಿದ್ದರೆ, ಒಳಗಿನ ದ್ರವ ಹಿಗ್ಗಿ ಹೊರಬಂದಿದೆ. ಅಂಥವನ್ನು ಹೆಚ್ಚು ದಿನ ಇಡದೆ ಮೊದಲು ತೆರೆಯಿರಿ. ದುರಸ್ತಿಯಾಗುವವರೆಗೆ ಉಳಿದವನ್ನು ಸಾಮಾನ್ಯ ಫ್ರಿಜ್‌ನಲ್ಲಿಟ್ಟರೂ ಕೆಲವು ವಾರಗಳಿಗೆ ತೊಂದರೆಯಿಲ್ಲ. ತಿಂಗಳುಗಟ್ಟಲೆ ಬೇಡ, ಅಲ್ಲಿನ ಒಣಗಾಳಿಗೆ ಬಿರಡೆ ಕುಗ್ಗಬಹುದು.

ಮೂರನೆಯ ಉತ್ತರ

ನಮ್ಮ ಕೂಲರ್ ಕೂಡ ಇದೇ ಮಾದರಿಯದು. ಅಂಕಿಯನ್ನು 8ಕ್ಕೆ ಇಳಿಸಿಟ್ಟು ನೋಡಿ, ಆಗ ಯಂತ್ರ ಹೆಚ್ಚು ದುಡಿದು 12ಕ್ಕಾದರೂ ಬರಬಹುದು.

ಮೊದಲ ಉತ್ತರ ಬರೆದವರು

ದಯವಿಟ್ಟು ಹಾಗೆ ಮಾಡಬೇಡಿ. 12ಕ್ಕೆ ತಲುಪಲಾಗದ ಯಂತ್ರ ಈಗಾಗಲೇ ಬಿಡುವಿಲ್ಲದೆ ಪೂರ್ಣ ಬಲದಲ್ಲಿ ಓಡುತ್ತಿದೆ. 8 ಎಂದು ಕೇಳಿದರೆ ಅದಕ್ಕೆ ಹೊಸ ಬಲ ಬರುವುದಿಲ್ಲ. ಬದಲಿಗೆ ಕೋಣೆಯ ಬಿಸಿಗೆ ತಕ್ಕಂತೆ ಯಂತ್ರ ತಲುಪಬಲ್ಲ ಅಂಕಿಗೆ ಏರಿಸಿಡಿ. ತಲುಪಬಲ್ಲ ಗುರಿ ಕೊಟ್ಟರೆ ಅದು ಆಗಾಗ ವಿಶ್ರಮಿಸುತ್ತದೆ.

ಇನ್ನೊಂದು ಗುರುತು ಹೇಳುವುದನ್ನು ಮರೆತಿದ್ದೆ. ಯಂತ್ರ ಓಡುತ್ತಿರುವಾಗ ಹಿಂಬದಿಯ ರೆಕ್ಕೆಗಳ ಅಂಚನ್ನು ಫ್ಯಾನಿಗೆ ತಾಗದಂತೆ ಎಚ್ಚರದಿಂದ ಮುಟ್ಟಿ ನೋಡಬಹುದು. ಕೈ ಇಡಲಾಗದಷ್ಟು ಬಿಸಿ ಇದ್ದರೆ ಬಿಲ್ಲೆ ಕೆಲಸ ಮಾಡುತ್ತಿದೆ, ಶಾಖ ಹೊರಹೋಗುತ್ತಿಲ್ಲ. ಸ್ವಲ್ಪವೂ ಬೆಚ್ಚಗಿಲ್ಲದಿದ್ದರೆ ಬಿಲ್ಲೆ ಸುಟ್ಟಿದೆ ಅಥವಾ ಅದಕ್ಕೆ ವಿದ್ಯುತ್ ಬರುತ್ತಿಲ್ಲ. ಆಗ ವಿದ್ಯುತ್ ಬೋರ್ಡಿಗೆ ನೀವು ಕೈಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ನಾಲ್ಕನೆಯ ಉತ್ತರ

ಕಂಪ್ರೆಸರ್ ಇರುವ ಕೂಲರ್‌ನವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಅದರ ಲಕ್ಷಣಗಳೇ ಬೇರೆ. ಕೋಣೆ ಬಿಸಿಯಾದರೂ ಅದು ಒಳಗನ್ನು 12ಕ್ಕೆ ಇಳಿಸಬಲ್ಲದು, ಆದರೆ ನಡುಗುತ್ತದೆ, ಸದ್ದು ಮಾಡುತ್ತದೆ. ನಾಲ್ಕು ಕಾಲುಗಳನ್ನೂ ಸಮಮಟ್ಟಕ್ಕೆ ತಿರುಗಿಸಿ ಇಟ್ಟರೆ ನಡುಕ ಬಹುಪಾಲು ಇಳಿಯುತ್ತದೆ. ಸಾಗಿಸುವಾಗ ಮಲಗಿಸಿದ್ದರೆ ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಟ್ಟು ಪ್ಲಗ್ ಹಾಕುವುದು ಕ್ಷೇಮ. ಗುಂಯ್ ಎಂದು ಶುರುವಾಗಿ ಕೆಲವು ಸೆಕೆಂಡುಗಳಲ್ಲಿ ಟಕ್ ಎಂದು ನಿಲ್ಲುತ್ತಿದ್ದರೆ ಕಂಪ್ರೆಸರನ್ನು ಚಾಲೂ ಮಾಡುವ ಸ್ವಿಚ್ಚಾದ ಸ್ಟಾರ್ಟ್ ರಿಲೇಯನ್ನು ಪರೀಕ್ಷೆ ಮಾಡಿಸಿ. ಹೊಸ ಯಂತ್ರಗಳಲ್ಲಿ ಅನೇಕವು ತಂಪು ಮಾಡಲು ಆರ್600ಎ, ಅಂದರೆ ಐಸೊಬ್ಯೂಟೇನ್ ಬಳಸುತ್ತವೆ. ಅದು ಬೆಂಕಿ ಹತ್ತುವ ಅನಿಲ, ಕೊಳವೆ ತೂತಾದರೆ ಸೋರುತ್ತದೆ, ಆದ್ದರಿಂದ ಹಿಮ ತೆಗೆಯಲು ಚಾಕು ಹಾಕುವುದು ಬೇಡವೇ ಬೇಡ.

ಪ್ರಶ್ನೆ ಕೇಳಿದವರು, ಆರು ದಿನಗಳ ನಂತರ

ಎಲ್ಲರಿಗೂ ಮನಸಾರೆ ವಂದನೆಗಳು. ಪೆಟ್ಟಿಗೆಯ ಬೆನ್ನ ಹಿಂದೆ 35 ಡಿಗ್ರಿ ಇತ್ತು. ಜಾಲರಿ ಬಿಚ್ಚಿದಾಗ ದೂಳು ಅಕ್ಷರಶಃ ಹಾಳೆಯಾಗಿಯೇ ಬಂತು. ಫ್ಯಾನ್ ಬೆರಳಿಗೆ ಅಂಟಿಕೊಂಡಂತೆ ನಿಂತುಬಿಡುತ್ತಿತ್ತು, ಅದನ್ನು ಬದಲಾಯಿಸಿದೆ. ಗೂಡಿನಲ್ಲಿಯೇ ಓಡಿಸಿ ನೋಡಿದಾಗ ಲೋಟದ ನೀರು 20ಕ್ಕೆ ಬಂತು. ಬಳಿಕ ಬಿಸಿಲು ಬೀಳದ ಒಳಕೋಣೆಗೆ ಸಾಗಿಸಿ, ಗೋಡೆಯಿಂದ ಒಂದು ಗೇಣು ದೂರ ಇಟ್ಟಿದ್ದೇನೆ. ಅಲ್ಲಿ ಕೋಣೆ 27, ಲೋಟದ ನೀರು 14. ಹಳೆಯ ಹದಿಮೂರು ಡಿಗ್ರಿಯ ಅಂತರ ಮರಳಿ ಸಿಕ್ಕಿತು. ಬಾಗಿಲಿನ ಕೆಳಮೂಲೆಯಲ್ಲಿ ಕಾಗದ ಜಾರುತ್ತಿತ್ತು. ಒರೆಸಿದ ಮೇಲೆ ಹಿಡಿಯುತ್ತಿದೆ, ತಳ ಒಣಗಿದೆ. ಹದಿನೆಂಟು ಬಾಟಲಿಗಳಲ್ಲಿ ಒಂದರ ಬಿರಡೆ ಮಾತ್ರ ಮೇಲೆದ್ದಿತ್ತು. ಅದನ್ನು ಈ ಭಾನುವಾರ ತೆರೆಯುತ್ತೇವೆ. ಮಗಳಿಗೆಂದು ಇಟ್ಟವು ಸುರಕ್ಷಿತವಾಗಿವೆ.